ಮಗ್ಗದ ಸದ್ದಿನೊಳಗಿನ ಹಾಡು

ಚಳಿಗೆ ಹೆದರಿ ಅಪ್ಪ ಜಮಖಂಡಿಯ ಪೇಟೆಯಲ್ಲಿ ದಪ್ಪ ದಪ್ಪ ಸ್ವೆಟರು ಕೊಡಿಸಿ ಕಳಿಸಿದ್ದ. ಇಂಗ್ಲೆಂಡಿನ ಉತ್ತರದ ಆ ಊರಿನ ಚಳಿಯನ್ನು ಹೇಗೋ ತಡೆದುಕೊಂಡೆ. ತಡೆಯಲಾಗದೆ ಹೋದದ್ದು ಅಲ್ಲಿಯ ನಿಶ್ಶಬ್ದ. ಮೊದಲ ಭಾನುವಾರ ಬೆಳಿಗ್ಗೆ ಎದ್ದು ಕಿಟಕಿ ತೆರೆದೆ. ರಸ್ತೆ ಇದೆ, ಮನೆಗಳಿವೆ, ಮನೆಗಳ ಮುಂದೆ ಕಾರುಗಳಿವೆ, ಸದ್ದು ಮಾತ್ರ ಇಲ್ಲ. ಅಯ್ಯೋ ಶಿವನೇ, ಈ ಊರಿಗೆ ಏನಾಯಿತು, ಜನರೆಲ್ಲ ಎಲ್ಲಿ ಹೋದರು ಅಂದುಕೊಂಡೆ. ನಮ್ಮ ಬನಹಟ್ಟಿಯಲ್ಲಿ ಓಣಿ ಹಾಗೆ ಸುಮ್ಮನಾಗುವುದು ಯಾರಾದರೂ ಸತ್ತು, ಮಣ್ಣಿಗೆ ಹೋಗಿ ಬರುವ ತನಕ ಎಲ್ಲರೂ ಮಗ್ಗ ನಿಲ್ಲಿಸಿದಾಗ ಮಾತ್ರ. ಕಿಟಕಿ ಮುಚ್ಚಿ ಮತ್ತೆ ಹಾಸಿಗೆಯಲ್ಲಿ ಕೂತುಬಿಟ್ಟೆ.

ನಮ್ಮದು ಪಾವರ್‌ಲೂಮ್ ಮನೆ. ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ, ನಡುವೆ ಮಗ್ಗಗಳು. ಅಡಿಗೆಮನೆಗೆ ಹೋಗಬೇಕಾದರೂ ಮಗ್ಗಗಳ ನಡುವೆಯೇ ಸೆರಗು ಬಿಗಿಹಿಡಿದು ಹಾಯಬೇಕು. ಆ ಸದ್ದಿನಲ್ಲೇ ನಾನು ತೆವಳಿದೆ, ಉಂಡೆ, ಮಲಗಿದೆ, ಪರೀಕ್ಷೆಗೆ ಓದಿ ಪಾಸಾದೆ. ಬೀಳಗಿಗೆ ಮದುವೆಯಾಗಿ ಹೋಗಿದ್ದ ಸೋದರತ್ತೆ ಹಬ್ಬಕ್ಕೆ ಬಂದರೆ ಮರುದಿನವೇ ಚೀಲ ಕಟ್ಟುತ್ತಿದ್ದಳು. "ನಿಮ್ಮ ಮನ್ಯಾಗ ಒಂದ ದಿನ ಇದ್ರ ತಲಿ ಹೋಳ ಆಗತೈತಿ ನೋಡ್ರಿ" ಎಂದು ಬಯ್ಯುತ್ತ ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ತಲೆ ಹೋಳಾಗುವಂಥದ್ದು ಇಲ್ಲೇನಿದೆ? ಕರೆಂಟು ಹೋಗಿ ಮಗ್ಗಗಳು ನಿಂತರೂ ಓಣಿಯ ಜನ ಹೊರಗೆ ಬಂದು ಅಷ್ಟೇ ಜೋರಾಗಿ ಕೂಗಾಡುತ್ತಿದ್ದರು. ನಮಗೆ ಅದೇ ಪಿಸುಮಾತು.

ಆ ಪರದೇಶದ ನಿಶ್ಶಬ್ದದಲ್ಲಿ ನನ್ನನ್ನು ಕಾಪಾಡಿದ್ದು ಅವ್ವನ ಹಾಡು. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ಅವ್ವನ ಕೆಲಸ. ಮಗ್ಗಗಳ ಆ ಬದಿಯ ಗೋಡೆಗೆ ಆಕೆಯ ಕಂಡಿಕೆ ಮಶೀನು, ಈ ಬದಿಯಲ್ಲಿ ನೂಲಿನ ಗಂಟುಗಳ ಮೇಲೆ ನಾನು, ಇನ್ನೂ ಶಾಲೆಗೆ ಹೋಗದ ಕೂಸು. ಆಕೆ ಕೈ ಆಡಿಸುತ್ತಲೇ ನನ್ನತ್ತ ನೋಡಿ ಹಾಡುತ್ತಿದ್ದಳು. ಹಾಡು ಅಂದರೆ ಏನು, ಕಣ್ಣಿಗೆ ಕಂಡದ್ದನ್ನು ಪೋಣಿಸುವುದು. "ಕೆಂಪ ಎಳಿ ಬಂತ, ಹಸರ ಎಳಿ ಬಂತ, ನನ್ನ ಕೂಸಿಗಿ ನಿದ್ದಿ ಬಂತ." ಮಾತಾಡುವಾಗ ಅವ್ವನದು ಒಡಕು ದನಿ, ಕೂಗು. ಹಾಡುವಾಗ ಮಾತ್ರ ಎಳೆಯಷ್ಟು ತೆಳ್ಳಗೆ, ಕೊನೆಯ "ಬಂತ"ಕ್ಕೆ ಸ್ವಲ್ಪ ಮೇಲೆದ್ದು ಇಳಿಯುತ್ತಿತ್ತು. ಆ ದನಿ ನನಗೆ ಬಾಯಿಪಾಠ. ಕೋಣೆಯ ನಿಶ್ಶಬ್ದ ಮೈಮೇಲೆ ಬಂದಾಗಲೆಲ್ಲ ಅದನ್ನು ಮನಸ್ಸಿನಲ್ಲಿ ಹಚ್ಚಿಕೊಂಡು ಕೂರುತ್ತಿದ್ದೆ. ನಾನು ಊರಿನಿಂದ ತಂದ ಸಾಮಾನಿನಲ್ಲಿ ಕಳೆದುಹೋದರೆ ಬದುಕಲಾರೆ ಅನ್ನಿಸುವಂಥದ್ದು ಅದೊಂದೇ ಇತ್ತು.

ಹಾಗೆ ಕೂತಾಗ ಇನ್ನೊಂದು ಸದ್ದೂ ಕೇಳಿಸುತ್ತಿತ್ತು. ಸಣ್ಣಗೆ, ಎಡೆಬಿಡದೆ, ಗುಂಯ್ ಎಂದು. ಫ್ರಿಜ್ಜಿನದು ಅಂದುಕೊಂಡು ಒಮ್ಮೆ ಫ್ರಿಜ್ಜಿಗೆ ಕಿವಿ ಹಚ್ಚಿ ನಿಂತೆ. ಅಲ್ಲ. ಹೀಟರಿನದೂ ಅಲ್ಲ. ಇಂಗ್ಲೆಂಡಿನ ಗಾಳಿಯೇ ಹೀಗೆ ಇರಬೇಕು, ಎಲ್ಲರಿಗೂ ಕೇಳಿಸುತ್ತದೆ, ರೂಢಿಯಾಗಿದೆ, ಅದಕ್ಕೆ ಯಾರೂ ಹೇಳುವುದಿಲ್ಲ ಎಂದು ತೀರ್ಮಾನ ಮಾಡಿಬಿಟ್ಟೆ. ಎಂಥ ಜಾಣೆ ನಾನು!

ನಾನು ಓದಲು ಹೋಗಿದ್ದು ಸಾರ್ವಜನಿಕ ಆರೋಗ್ಯ. ಪುಸ್ತಕ ಓದಿದರೆ ತಿಳಿಯುತ್ತಿತ್ತು, ಬರೆದರೆ ಒಳ್ಳೆಯ ಅಂಕ ಬರುತ್ತಿತ್ತು. ಕ್ಲಾಸಿನಲ್ಲಿ ಮಾತ್ರ ಅರ್ಧ ಮಾತು ಎಲ್ಲೋ ಉದುರಿಹೋಗುತ್ತಿತ್ತು. ಮೇಷ್ಟರು ನಮ್ಮತ್ತ ತಿರುಗಿದ್ದಾಗ ಸರಿ. ಬೋರ್ಡಿನತ್ತ ತಿರುಗಿದರೆ ಬರೀ ಗೊಣಗೊಣ. ನನ್ನ ಇಂಗ್ಲಿಷು ಸಾಲದು ಅಂದುಕೊಂಡೆ. ಕನ್ನಡ ಶಾಲೆಯ ಹುಡುಗಿ, ಇನ್ನೇನಾದೀತು ಎಂದು ನನ್ನನ್ನೇ ಬೈದುಕೊಂಡೆ. ಲೈಬ್ರರಿಯಲ್ಲಿ ಗೆಳತಿಯ ಹತ್ತಿರ ಮೆಲ್ಲಗೆ ಪೆನ್ನು ಕೇಳಿದರೆ ಇಡೀ ಮಹಡಿಯ ತಲೆಗಳು ಎದ್ದು ನೋಡುತ್ತಿದ್ದವು.

ಎಲ್ಲಕ್ಕಿಂತ ದೊಡ್ಡ ಫಜೀತಿಯಾದದ್ದು ನನ್ನ ಪ್ರಬಂಧದ ಮಾರ್ಗದರ್ಶಕರ ಕೋಣೆಯಲ್ಲಿ. ಅವರು ಸಂಭಾವಿತ ಮನುಷ್ಯ, ತಾಳ್ಮೆಯವರು. ಏನೋ ವಿವರಿಸುತ್ತ ಪುಸ್ತಕ ತೆಗೆಯಲು ಎದ್ದು ಕಪಾಟಿನತ್ತ ತಿರುಗಿದರು. ನಾನೂ ಎದ್ದೆ, ಥ್ಯಾಂಕ್ಸ್ ಹೇಳಿದೆ, ಬಾಗಿಲು ಎಳೆದುಕೊಂಡು ಬಂದೆ. ಮುಂದಿನ ವಾರ ಅವರು ಕಿಟಕಿಯಾಚೆ ನೋಡುತ್ತ ಮಾತಾಡತೊಡಗಿದರು. ಮತ್ತೆ ಎದ್ದೆ, ಮತ್ತೆ ಬಂದೆ. ಆಮೇಲೆ ಅವರಿಂದ ಒಂದು ಮೇಲ್ ಬಂತು: ನನ್ನಿಂದ ನಿಮಗೇನಾದರೂ ಬೇಸರವಾಗಿದೆಯೇ, ನಾನು ಮಾತಾಡುತ್ತಿರುವಾಗಲೇ ಎದ್ದು ಹೋಗುತ್ತೀರಲ್ಲ? ನಾನು ಬೆವೆತುಹೋದೆ. ಅವರು ಮಾತಾಡುತ್ತಿದ್ದರೇ? ಮುಖ ತಿರುಗಿಸಿದ್ದರಲ್ಲ!

ಇದನ್ನು ಅವರಿಗೆ ಹೇಗೆ ವಿವರಿಸುವುದು? ನಮ್ಮ ಮಗ್ಗದ ಮನೆಗಳಲ್ಲಿ ಮುಖಕ್ಕೆ ಮುಖ ಇದ್ದರೆ ಮಾತು, ಮುಖ ತಿರುಗಿದರೆ ಮಾತು ಮುಗಿಯಿತು. ಅದರಲ್ಲಿ ಸಿಟ್ಟಿಲ್ಲ, ಅವಮಾನವಿಲ್ಲ. ಬಾಗಿಲು ಹಾಕಿದ ಹಾಗೆ, ಅಷ್ಟೇ. ಅಪ್ಪ ಅವ್ವನ ಜಗಳಗಳೂ ಹಾಗೆಯೇ ಮುಗಿಯುತ್ತಿದ್ದವು. ಅವ್ವ ತನ್ನದಷ್ಟನ್ನು ಹೇಳಿ ಗೋಡೆಯತ್ತ ತಿರುಗಿಬಿಡುತ್ತಿದ್ದಳು. ಅಪ್ಪನಿಗೆ ಇನ್ನೂ ಉತ್ತರ ಕೊಡುವುದಿರುತ್ತಿತ್ತು. ಪಾಪ, ಮಗ್ಗಗಳನ್ನೆಲ್ಲ ಸುತ್ತಿಕೊಂಡು ಆ ಬದಿಗೆ ಹೋಗುತ್ತಿದ್ದ. ಅಷ್ಟರಲ್ಲಿ ಅವ್ವ ಈ ಬದಿಗೆ ತಿರುಗಿರುತ್ತಿದ್ದಳು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ನಾನು ಮಾರ್ಗದರ್ಶಕರಿಗೆ ಕ್ಷಮೆ ಕೇಳಿ ಏನೋ ಒಂದು ಬರೆದು ಕಳಿಸಿದೆ. ಇನ್ನು ಈ ಓದು ನನ್ನ ಕೈಲಾಗದು, ಗಂಟುಮೂಟೆ ಕಟ್ಟುವುದೇ ಸರಿ ಎಂದು ಒಳಗೊಳಗೇ ಅನ್ನಿಸತೊಡಗಿತ್ತು.

ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಅಜ್ಜಿ ಕೆಳಗಡೆ ಒಬ್ಬಳೇ ಇದ್ದಳು. ವಯಸ್ಸಾಗಿದ್ದರೂ ಚುರುಕು, ತುಂಟಿ. ಆಕೆಯ ತಾಯಿ ಆ ಊರಿನ ಹತ್ತಿ ಗಿರಣಿಯಲ್ಲಿ ನೇಯುತ್ತಿದ್ದವಳಂತೆ. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿ ಈಗ ಅಲ್ಲಿ ಫ್ಲ್ಯಾಟುಗಳಿದ್ದವು. ಒಂದು ಸಂಜೆ ಆಕೆಯ ಅಡಿಗೆಮನೆಯಲ್ಲಿ ಚಹಾದ ಮುಂದೆ ನನ್ನ ಗೋಳು ತೋಡಿಕೊಂಡೆ. ಆಕೆ ನನ್ನನ್ನು ನೋಡುತ್ತ ನೋಡುತ್ತ ಎದ್ದು ಹೋಗಿ ದೂರದ ಬಾಗಿಲಲ್ಲಿ ನಿಂತು, ನಿನ್ನ ಚಹಾ ಆರುತ್ತಿದೆ ಕುಡಿ ಅಂದಳು. "ಕುಡೀತೇನ್ರಿ" ಅಂದುಬಿಟ್ಟೆ, ಗಡಿಬಿಡಿಯಲ್ಲಿ ಕನ್ನಡದಲ್ಲೇ. ಕಪ್ಪು ಎತ್ತಿದೆ. ಆಕೆ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟಿದ್ದಳು.

ಯಾಕೆ, ಏನಾಯಿತು ಅಂದೆ. ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದಳು: "ಮಗೂ, ನಾನು ದನಿ ತೆಗೆಯಲೇ ಇಲ್ಲ. ಬರೀ ತುಟಿ ಆಡಿಸಿದೆ." ಗಿರಣಿಯ ಹೆಂಗಸರು ಹಾಗೆ ಮಾತಾಡಿಕೊಳ್ಳುತ್ತಿದ್ದರಂತೆ, ಮಗ್ಗಗಳ ಗದ್ದಲದ ಮೇಲೆ ತುಟಿಯಿಂದ ತುಟಿಗೆ. ತಾಯಿ ಮನೆಯಲ್ಲೂ ಹಾಗೇ ಮಾತಾಡಿ ಮಾತಾಡಿ ಆಕೆಗೂ ಬಂದಿತ್ತು. ತಾಯಿ ತೀರಿಕೊಂಡ ಮೇಲೆ ಆ ಮಾತು ತಿಳಿಯುವವರು ಯಾರೂ ಸಿಕ್ಕಿರಲಿಲ್ಲ. ನನಗೆ ಕೇಳಿಸಿತ್ತು, ದೇವರಾಣೆಗೂ ಕೇಳಿಸಿತ್ತು, ಆಕೆಯ ದನಿಯಲ್ಲೇ ಕೇಳಿಸಿತ್ತು. ಎಲ್ಲಿಯ ಬನಹಟ್ಟಿ, ಎಲ್ಲಿಯ ಆ ಊರು. ಆ ಸಂಜೆ ನಾವಿಬ್ಬರೂ ಒಂದೂ ಸದ್ದಿಲ್ಲದೆ ಹೊಟ್ಟೆ ತುಂಬ ಹರಟಿದೆವು, ಅಳುವಷ್ಟು ನಕ್ಕೆವು. ಏಳುವಾಗ ಆಕೆ ಕಿವಿ ಮುಟ್ಟಿ ತೋರಿಸಿ, ನಾಳೆ ಇದನ್ನು ತೋರಿಸಿಕೊಂಡು ಬಾ ಅಂದಳು.

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿದ ಹುಡುಗಿ ನನ್ನದೇ ವಾರಿಗೆಯವಳು. ನನ್ನನ್ನು ಒಂದು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತು ಅಂದಳು. ಒತ್ತಿದೆ, ಆಮೇಲೆ ಬಹಳ ಹೊತ್ತು ಒತ್ತುವಂಥದ್ದೇನೂ ಬರಲಿಲ್ಲ. ಬಂದಿತ್ತಂತೆ. ತೆಳ್ಳನೆಯ ಸದ್ದುಗಳೆಲ್ಲ ನಿನ್ನ ಕಿವಿಯಿಂದ ಚಿಕ್ಕಂದಿನಲ್ಲೇ ಸವೆದುಹೋಗಿವೆ, ಮಾತಿನ ಅರ್ಧವನ್ನು ನೀನು ಕಣ್ಣಿನಿಂದ ಕೇಳುತ್ತೀಯ ಅಂದಳು. ಮತ್ತೆ ಆ ಗುಂಯ್? ಅದು ಹೊರಗಿನದಲ್ಲ, ನಿನ್ನ ಕಿವಿಯದೇ, ಅಷ್ಟು ವರ್ಷದ ಮಗ್ಗದ ಸದ್ದು ಬಿಟ್ಟುಹೋದದ್ದು ಅಂದಳು. ಅಯ್ಯೋ, ಇಂಗ್ಲೆಂಡಿನ ಗಾಳಿ ಎಂದು ನಾನು ಯಾವುದನ್ನು ತಿಳಿದಿದ್ದೆನೋ ಅದು ನಮ್ಮ ಮನೆಯ ಮಗ್ಗ! ಸಮುದ್ರ ದಾಟಿ ನನ್ನ ತಲೆಯೊಳಗೇ ಕೂತು ಬಂದಿತ್ತು. ಆ ಹುಡುಗಿ ನಾನು ಅಳುತ್ತೇನೆಂದು ಕಾಗದದ ಕರವಸ್ತ್ರ ಮುಂದೆ ಹಿಡಿದಿದ್ದಳು. ನನಗೆ ಅಳು ಬಂದಿರಲಿಲ್ಲ. ಇಷ್ಟು ವರ್ಷ ನನಗೇ ಗೊತ್ತಿಲ್ಲದಂತೆ ನನ್ನ ಕಣ್ಣು ಇಂಥ ಕೆಲಸ ಮಾಡಿಕೊಂಡು ಬಂದಿತ್ತಲ್ಲ ಎಂದು ನನ್ನನ್ನೇ ಬೆರಗಿನಿಂದ ನೋಡಿಕೊಳ್ಳುತ್ತಿದ್ದೆ.

ನಾನು ಸಂತೋಷದಿಂದ ಆಕೆಗೆ ಅವ್ವನ ಹಾಡಿನ ಕಥೆ ಹೇಳಿದೆ. ಮಗ್ಗಗಳ ಆಚೆ ಬದಿಯಿಂದ ಎಷ್ಟು ತೆಳ್ಳಗೆ ಹಾಡುತ್ತಿದ್ದಳು, ಅದು ಇವತ್ತಿಗೂ ನನಗೆ ಹೇಗೆ ಕೇಳಿಸುತ್ತದೆ ಎಂದು. ಆಕೆ, ಆ ಸದ್ದಿನಲ್ಲಿ ಅಷ್ಟು ದೂರದಿಂದ ಅಂಥ ದನಿ ಯಾವ ಒಳ್ಳೆಯ ಕಿವಿಗೂ ಕೇಳಿಸುವುದಿಲ್ಲ, ನೀನು ಕೇಳಿರಲಿಕ್ಕಿಲ್ಲ ಅಂದಳು. ಸಿಟ್ಟು ನೆತ್ತಿಗೇರಿತು. ನಿನಗೇನು ಗೊತ್ತು ನನ್ನ ಅವ್ವನ ವಿಷಯ ಅಂದುಬಿಟ್ಟೆ, ಅದೂ ನಮ್ಮ ಓಣಿಯ ದನಿಯಲ್ಲಿ. ಹೊರಗೆ ಕಾಯುತ್ತಿದ್ದವರು ಬಾಗಿಲಿನತ್ತ ನೋಡಿದರು.

ಸಿಟ್ಟು ಇಳಿದ ಮೇಲೆ ಹೆದರಿಕೆ ಹಿಡಿಯಿತು. ಆಕೆ ಹೇಳಿದ್ದು ನಿಜವಾಗಿದ್ದರೆ? ನಾನು ಬಾಯಿಪಾಠ ಮಾಡಿಕೊಂಡ ಆ ದನಿ ಯಾರದು? ಫೋನಿನಲ್ಲಿ ಕೇಳುವಂತಿರಲಿಲ್ಲ. ಫೋನಿನಲ್ಲಿ ಅವ್ವನದು ಕೂಗು, ಊಟ ಆಯ್ತಾ, ಚಳಿ ಐತೇನ, ಇಡ್ಲ್ಯಾ ಎಂದು ಮುಗಿಸುವ ಕೂಗು. ಇದನ್ನು ಆಕೆಯ ಮುಖ ನೋಡಿಯೇ ಕೇಳಬೇಕಿತ್ತು. ಉತ್ತರಕ್ಕೆ ಊರಿಗೆ ಹೋಗುವ ತನಕ ಕಾಯಬೇಕಾಯಿತು. ಅಲ್ಲಿಯ ತನಕ ಆ ಹಾಡನ್ನು ಮನಸ್ಸಿನಲ್ಲಿ ಹಚ್ಚುವುದನ್ನೇ ಬಿಟ್ಟೆ. ಮುಟ್ಟಿದರೆ ಒಡೆದೀತು ಎಂಬ ಭಯ.

ಆಸ್ಪತ್ರೆಯವರು ಎರಡೂ ಕಿವಿಗೆ ಮಶೀನು ಕೊಟ್ಟರು, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡವು. ಹಾಕಿಕೊಂಡು ಹೊರಗೆ ಬಂದವಳು ಮೆಟ್ಟಿಲ ಮೇಲೆಯೇ ನಿಂತೆ. ನನ್ನ ಜಾಕೆಟ್ಟು ಸದ್ದು ಮಾಡುತ್ತಿತ್ತು! ಕೈ ಎತ್ತಿದರೆ ಸರ್, ಇಳಿಸಿದರೆ ಸರ್. ಒಣಗಿದ ಎಲೆಗಳ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಮರದಲ್ಲಿ ಯಾವುದೋ ಹಕ್ಕಿ. ಇಷ್ಟು ದಿನ ಅದು ಬಾಯಿ ತೆರೆದು ಮುಚ್ಚುವುದನ್ನಷ್ಟೇ ನಾನು ನೋಡಿದ್ದೆ. ಮನೆಗೆ ಬಂದು ಅಕ್ಕಿ ತೊಳೆದೆ, ಅಕ್ಕಿ ಮಾತಾಡಿತು. ಎಣ್ಣೆಗೆ ಜೀರಿಗೆ ಹಾಕಿದೆ, ಅಬ್ಬಾ, ಅಷ್ಟು ಸಣ್ಣ ಕಾಳಿಗೆ ಎಂಥ ಗಂಟಲು! ಸುಮ್ಮಸುಮ್ಮನೆ ಮತ್ತೆರಡು ಸಲ ಒಗ್ಗರಣೆ ಹಾಕಿದೆ. ಕೆಳಗಿನಿಂದ ಅಜ್ಜಿ ಕೆಮ್ಮುತ್ತ ಬಂದು ಮನೆಗೆ ಬೆಂಕಿ ಬಿತ್ತೇ ಎಂದು ಕೇಳಿದಳು. ಲೋಕ ಇಷ್ಟು ತುಂಬಿಕೊಂಡಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮಾರ್ಗದರ್ಶಕರಿಗೆ ಎಲ್ಲವನ್ನೂ ಹೇಳಿದೆ. ಅವರು ಅವತ್ತಿನಿಂದ ಪುಸ್ತಕ ತೆಗೆಯುವಾಗಲೂ ಹಿಮ್ಮುಖವಾಗಿ ನಡೆಯತೊಡಗಿದರು. ಒಮ್ಮೆ ಕುರ್ಚಿಗೆ ಎಡವಿ ಬಿದ್ದೇಬಿಡುತ್ತಿದ್ದರು. ಬೇಡ ಸರ್, ಈಗ ನೀವು ತಿರುಗಬಹುದು ಅಂದೆ. ಓದು ಮುಂದುವರಿಯಿತು, ಮುಗಿಯಿತು.

ಊರಿಗೆ ಬಂದದ್ದು ಬೇಸಿಗೆಯಲ್ಲಿ. ಹುಬ್ಬಳ್ಳಿಯಿಂದ ಬಸ್ಸು ಹತ್ತಿ ಮುಧೋಳ ದಾಟುವಷ್ಟರಲ್ಲಿ ಬಸ್ಸಿನ ಕಿಟಕಿಗಳ ಗಡಗಡಕ್ಕೆ ತಲೆ ಸಿಡಿಯತೊಡಗಿತ್ತು. ನಮ್ಮ ಓಣಿಯ ಬಾಯಿಗೆ ಬಂದು ನಿಂತೆ. ಶಿವ ಶಿವಾ! ಮನೆಮನೆಯಿಂದ ಆ ಸದ್ದು ಬಂದು ಎದೆಗೆ ಗುದ್ದಿತು. ಹುಟ್ಟಿದಾಗಿನಿಂದ ಇದ್ದ ಜಾಗದಲ್ಲಿ ಮೊದಲ ಸಲ ನಿಂತ ಹಾಗಾಯಿತು. ಬೀಳಗಿಯ ಅತ್ತೆಗೆ ಮನಸ್ಸಿನಲ್ಲೇ ಕೈ ಮುಗಿದೆ. ಕಿವಿಯಿಂದ ಮಶೀನು ಬಿಚ್ಚಿ ಪರ್ಸಿಗೆ ಹಾಕಿಕೊಂಡು ಒಳಗೆ ಹೋದೆ.

ಅಪ್ಪ ಯಾವುದೋ ಮಗ್ಗದ ಮೇಲೆ ಬಾಗಿದ್ದ. ಅವ್ವ ಅದೇ ಗೋಡೆಯ ಬಳಿ, ಅದೇ ಕಂಡಿಕೆ ಮಶೀನಿನ ಮುಂದೆ. ನಾನು ಬಾಗಿಲಲ್ಲಿ ನಿಂತದ್ದು ಕಂಡು ಕೈ ನಿಲ್ಲಿಸದೆ ಅಂದಳು: "ಬಂದೇನ ಬೇ? ಎಷ್ಟ ಸೊರಗೀಯಲ್ಲ. ಅಲ್ಲಿ ಉಣ್ಣಾಕ ಹಾಕ್ತಿದ್ದಿಲ್ಲೇನ?" ಒಂದಕ್ಷರವೂ ಬಿಡದೆ ಕೇಳಿಸಿತು, ಆಕೆಯ ಒಡಕು ದನಿಯ ಸಮೇತ. ಈ ಸಲ ನಾನು ಎಚ್ಚರದಿಂದ ಆಕೆಯ ಕುತ್ತಿಗೆ ನೋಡಿದೆ. ಗಂಟಲು ಅಲುಗಿರಲಿಲ್ಲ. ಬರೀ ತುಟಿ.

ಬ್ಯಾಗು ಅಲ್ಲೇ ಬಿಟ್ಟು ಆಕೆಯ ಎದುರಿಗೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ನೀರು ಸಹ ಕುಡಿಯಲಿಲ್ಲ. "ಯವ್ವಾ, ಒಂದ ಮಾತ ಕೇಳ್ತೇನಿ, ಖರೇ ಹೇಳು. ನಾ ಸಣ್ಣಾಕಿ ಇದ್ದಾಗ ನೀ ಇಲ್ಲಿ ಕುಂತ ಹಾಡ್ತಿದ್ದಿ ಹೌದಿಲ್ಲೋ? ಧ್ವನಿ ತಗದ ಹಾಡ್ತಿದ್ದ್ಯೋ, ಏನ ಹಂಗ?"

ಅವ್ವ ನಕ್ಕಳು. "ಏನ ಹುಚ್ಚಿ ಅದಿ ಬೇ. ಈ ಗದ್ದಲದಾಗ ಧ್ವನಿ ಯಾಕ ತಗೀಲಿ? ಯಾರಿಗಿ ಕೇಳಬೇಕ? ಬರೇ ಬಾಯಿ ಆಡಸ್ತಿದ್ನಿ. ನೀ ಕಣ್ಣ ಪಿಳಿಪಿಳಿ ಬಿಟಗೊಂಡ ನೋಡ್ತಿದ್ದಿ. ನೀ ನೋಡೂ ಮಟಾ ಹಾಡ್ತಿದ್ನಿ. ಮಾರಿ ತಿರುವಿದಿ ಅಂದ್ರ ಆತು, ಮುಗೀತು."

ಆಸ್ಪತ್ರೆಯ ಹುಡುಗಿ ಗೆದ್ದಳು. ಅವ್ವ ಹಾಡಿರಲೇ ಇಲ್ಲ. ಹಾಗಾದರೆ ಎಳೆಯಷ್ಟು ತೆಳ್ಳನೆಯ ಆ ದನಿ, "ಬಂತ"ಕ್ಕೆ ಮೇಲೆದ್ದು ಇಳಿಯುವ ಆ ರಾಗ? ಮಾತು ಅವ್ವನ ತುಟಿಯದು. ರಾಗ ನನ್ನದು. ನೂಲಿನ ಗಂಟಿನ ಮೇಲೆ ಕೂತ ಕೂಸು ತಾಯಿಯ ತುಟಿ ನೋಡಿ, ಆಕೆಗೆ ಇಂಥ ದನಿ ಇರಬೇಕು ಎಂದು ತಾನೇ ಒಂದು ದನಿ ಮಾಡಿ ಕೊಟ್ಟುಬಿಟ್ಟಿತ್ತು. ಪರದೇಶದಲ್ಲಿ ನನ್ನನ್ನು ಕಾಪಾಡಿದ್ದು ಆ ಕೂಸು. ನನಗೆ ನನ್ನ ಬಗ್ಗೆ ಇಷ್ಟು ದೊಡ್ಡ ಸಂಗತಿ ಗೊತ್ತೇ ಇರಲಿಲ್ಲವಲ್ಲ ಎಂದು ಎದೆ ತುಂಬಿ ಬಂತು, ಜೊತೆಗೇ ಕಳ್ಳರು ಮನೆಗೆ ನುಗ್ಗಿ ಹೋದ ಹಾಗೂ ಆಯಿತು. ಅವ್ವನ ಹಾಡುವ ದನಿ ಎಂದು ನನ್ನ ಹತ್ತಿರ ಇದ್ದದ್ದು ಅದೊಂದೇ. ಈಗ ಅದೂ ಆಕೆಯದಲ್ಲ.

"ಯಾಕ, ಏನಾತು? ಯಾಕ ಅಳಾಕತ್ತಿ?" ಅವ್ವ ಮೊದಲ ಸಲ ಕೈ ನಿಲ್ಲಿಸಿದಳು.

ಹೇಳೋಣ ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ದಿನಾ ಮಧ್ಯಾಹ್ನ ಹೋಗುವುದೇ. ನಮ್ಮ ಮಗ್ಗ ನಿಂತವು, ಬದಿಯ ಮನೆಯವು ನಿಂತವು, ಓಣಿಯೆಲ್ಲ ನಿಂತಿತು. ಅಪ್ಪ ಗೊಣಗುತ್ತ ಕಟ್ಟೆಗೆ ಹೋದ. ನಾನು ಪರ್ಸಿನಿಂದ ಮಶೀನು ತೆಗೆದು ಎರಡೂ ಕಿವಿಗೆ ಹಾಕಿಕೊಂಡೆ. ಅವ್ವ ಅದನ್ನು ಮುಟ್ಟಿ ನೋಡಿ, "ಇದೇನ ಅದು, ಕಿವ್ಯಾಗ ಜೀರಂಗಿ ಕುಂತಂಗ" ಎಂದು ಕೂಗಿದಳು. ನಾನು ಆಕೆಯ ಮೊಣಕಾಲು ಹಿಡಿದುಕೊಂಡೆ.

"ಯವ್ವಾ, ಈಗ ಹಾಡು. ಧ್ವನಿ ತಗದ ಹಾಡು."

"ಥೂ, ಈ ವಯಸ್ಸಿನಾಗ ಹಾಡಂತೀ ಏನ? ಯಾರರೆ ಕೇಳಿದ್ರ ನಗತಾರ. ನಂಗೂ ಕೇಳಸಾಂಗಿಲ್ಲ, ಹೆಂಗ ಬರತೈತೋ ಏನೋ."

"ನಿಂಗ ಕೇಳಸೂದ ಬ್ಯಾಡ. ನಂಗ ಕೇಳಸತೈತಿ. ಹಾಡು."

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಬಾಗಿಲಿನತ್ತ ನೋಡಿದಳು, ಅಪ್ಪ ಇಲ್ಲ. ತುಟಿ ತೆರೆದಳು, ನಗು ಬಂತು, ಮುಚ್ಚಿದಳು. ಮತ್ತೆ ತೆರೆದಳು. "ಕೆಂಪ ಎಳಿ ಬಂತ…" ನಾನು ಮಾಡಿಟ್ಟುಕೊಂಡಿದ್ದ ರಾಗಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ದಪ್ಪನೆಯ, ಗಂಟಲಲ್ಲಿ ನೂಲಿನ ಧೂಳು ಕೂತ ದನಿ. ಮಾತಿನ ನಡುವೆ ಉಸಿರು ಸೀಳಿ ಸೀಳಿ ಬರುತ್ತಿತ್ತು. "ಬಂತ" ಮೇಲೆ ಏಳಲಿಲ್ಲ, ಕೆಳಗೆ ಕೂತಿತು. ಅವ್ವ ಹಾಡುತ್ತಾಳೆ! ನನ್ನ ಅವ್ವನಿಗೆ ಹಾಡುವ ದನಿ ಇದೆ! ನಾನು ಬಾಯಿ ತೆರೆದುಕೊಂಡು ಆಕೆಯ ತುಟಿಯನ್ನೇ ನೋಡುತ್ತಿದ್ದೆ.

ಅಷ್ಟು ನೋಡಿದ್ದಕ್ಕೆ ಆಕೆಗೆ ನಾಚಿಕೆಯಾಯಿತು. ಹೊಸ ಮದುಮಗಳ ಹಾಗೆ ಮುಖ ಗೋಡೆಯತ್ತ ತಿರುಗಿಸಿಬಿಟ್ಟಳು.

ಮೈಗೆ ಹತ್ತಿದ ರೂಢಿ, ನಾನು ಏಳಲು ನೆಲಕ್ಕೆ ಕೈ ಊರಿದ್ದೆ. ಅಷ್ಟರಲ್ಲಿ ಗೋಡೆಯತ್ತ ತಿರುಗಿದ ಆ ಬೆನ್ನಿನ ಆಚೆಯಿಂದ "ಹಸರ ಎಳಿ ಬಂತ" ಎಂದು ಹಾಡು ಮುಂದುವರಿಯಿತು. ನಾನು ಊರಿದ ಕೈಯನ್ನು ತೆಗೆದು ಹಾಗೆಯೇ ಕೂತು, ಕಣ್ಣು ಮುಚ್ಚಿದೆ.